ಹೆಬ್ಬೆರಳ ಫೋನು, ಒಂದೂವರೆ ಗೇಣಿನ ಅಲೆ

(ಸಾಗರ ಪೇಟೆಯ ಒಂದು ಮೊಬೈಲ್ ರಿಪೇರಿ ಅಂಗಡಿ. ಮಾತಾಡುತ್ತಿರುವವರು ಇಬ್ಬರು: ಅಂಗಡಿಯ ಯಜಮಾನರು, ಮತ್ತು ರಜೆಗೆ ಬಂದಿರುವ ಅವರ ಅಕ್ಕನ ಮಗಳು. ಆಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾಳೆ. ಅವರು ಪಿಯುಸಿ ಮುಗಿಸಿ ನೇರ ಸೋಲ್ಡರಿಂಗ್ ಐರನ್ ಹಿಡಿದವರು.)

— ಮಾವ, ಎಂತ ಇದು? ಬ್ಲೂಟೂತ್ ಇಯರ್‌ಫೋನಾ?

— ಫೋನು ಮಾರಾಯ್ತಿ, ಪೂರ್ತಿ ಫೋನು. ಸಿಮ್ ಹಾಕಿದ್ರೆ ಮಾತಾಡಬಹುದು. ಸ್ಕೇಲ್ ಇಟ್ಟು ನೋಡು.

— ಉದ್ದ 68 ಮಿಲಿಮೀಟರ್, ಅಗಲ 23. ಹೆಬ್ಬೆರಳಿಗಿಂತ ತುಸು ಉದ್ದ, ಅಷ್ಟೇ. ಯಾರದ್ದು?

— ಅಡಿಕೆ ಕೊನೆ ಕೊಯ್ಯೋ ನಮ್ಮ ಕೊನೆಗೌಡನದ್ದು. ಜಾತ್ರೆ ಅಂಗಡೀಲಿ ತಗೊಂಡನಂತೆ. ಅಡಿಕೆ ಕೊಯ್ಲು ಶುರುವಾದ್ರೆ ಅವನಿಗೆ ಬಿಡುವಿಲ್ಲದಷ್ಟು ಕಾಲ್, ನಮ್ಮ ತೋಟಕ್ಕೆ ಯಾವಾಗ ಬರ್ತೀಯ ಅಂತ. ಮರದ ತುದೀಲಿ ಇರುವಾಗ ದೊಡ್ಡ ಸೆಟ್ ಜೇಬಿಂದ ಜಾರಿದ್ರೆ ಎಂತ ಉಳೀತದೆ? ಅದಕ್ಕೇ ಇದು. ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ತಾನೆ.

— ಸರಿಯಾದ ಲೆಕ್ಕಾಚಾರವೇ. ಮತ್ತೆ ರಿಪೇರಿಗೆ ಯಾಕೆ ಬಂತು?

— ಪೇಟೇಲಿ ಚೆನ್ನಾಗಿ ಮಾತಾಡ್ತದೆ. ತೋಟಕ್ಕೆ ಇಳಿದ ಮೇಲೆ ರಿಂಗ್ ಆಗ್ತದೆ, ಕಾಲ್ ಎತ್ತಿ ನಾಲ್ಕು ಮಾತು ಆಡೋದ್ರೊಳಗೆ ಸೆಟ್ಟೇ ಆಫ್. ಬ್ಯಾಟರಿಗೆ ಮೀಟರ್ ಹಿಡಿದೆ, 3.9 ವೋಲ್ಟ್ ತೋರಿಸ್ತು. ಇಲ್ಲಿ ಕೂತು ಎಷ್ಟು ಹೊತ್ತು ಮಾತಾಡಿದ್ರೂ ಆಫ್ ಆಗೋದಿಲ್ಲ. ಡ್ರೈ ಸೋಲ್ಡರ್ ಇದ್ದರೆ ಇಲ್ಲೂ ತೊಂದರೆ ಕೊಡಬೇಕಿತ್ತು. ಬಿಚ್ಚಿ ನೋಡೋದೇ ಸೈ.

— ಸ್ಕ್ರೂ ಎಲ್ಲೂ ಕಾಣೋದಿಲ್ಲ.

— ಇದ್ರೆ ತಾನೇ! ಒಂದು ಸ್ಕ್ರೂ ಅಂದ್ರೆ ಒಂದು ಖರ್ಚು, ಅದನ್ನು ತಿರುಗಿಸೋ ಕೈಗೆ ಇನ್ನೊಂದು ಖರ್ಚು. ಸುತ್ತ ಪ್ಲಾಸ್ಟಿಕ್ ಲಾಕು ಮಾತ್ರ. ಹಳೇ ಎಟಿಎಂ ಕಾರ್ಡ್ ಕೊಡು ಇಲ್ಲಿ. ಹಾಂ, ಬಂತು. ಇನ್ನು ನೀನು ನೋಡು, ನನ್ನ ಕಣ್ಣಿಗೆ ಇಷ್ಟು ಸಣ್ಣದು ಆಗೋದಿಲ್ಲ.

— ಬ್ಯಾಟರಿ, ಸ್ಪೀಕರ್, ಮೈಕ್, ಡಿಸ್‌ಪ್ಲೇ, ಒಂದಕ್ಕೂ ಕನೆಕ್ಟರ್ ಇಲ್ಲ. ಎಲ್ಲಾ ನೇರ ಬೋರ್ಡಿಗೆ ಸೋಲ್ಡರ್. ರಿಂಗರ್ ಬೇರೆ, ಇಯರ್ ಸ್ಪೀಕರ್ ಬೇರೆ ಅಂತಲೂ ಇಲ್ಲ, ಎರಡಕ್ಕೂ ಒಂದೇ. ಕೀಪ್ಯಾಡ್ ಅಡಿ ಡೋಮ್ ಶೀಟ್. ಡಿಸ್‌ಪ್ಲೇ ಒಎಲ್ಇಡಿ, 0.66 ಇಂಚು. ಬೋರ್ಡ್ ಮೇಲೆ ಕಣ್ಣಿಗೆ ಬೀಳುವಂಥ ಐಸಿಗಳು ಎರಡೇ. ಅದರಲ್ಲೊಂದು ಟವರಿಗೆ ಸಿಗ್ನಲ್ ಕಳಿಸೋ ಪವರ್ ಆಂಪ್ಲಿಫೈಯರ್. ಇನ್ನೊಂದರ ಮೇಲೆ... ಬೆಳಕು ಈ ಕಡೆ ತಿರುಗಿಸಿ ಮಾವ... ಎಂಟಿ6261ಡಿಎ.

— ಎಂಟಿಕೆ! ನನಗೆ ಗೊತ್ತಿತ್ತು. 2008, 2009ರಲ್ಲಿ ಚೈನಾ ಸೆಟ್ಟುಗಳ ಕಾಲ ಇತ್ತಲ್ಲ, ಆಗ ಬರ್ತಿದ್ದ ಸೆಟ್ಟುಗಳು ಒಂದೊಂದೂ ಒಂದು ವೇಷ. ಕಾರಿನ ಆಕಾರದ್ದು, ಸಿಗರೇಟ್ ಪ್ಯಾಕಿನ ಆಕಾರದ್ದು, ಕೈಗೆ ಕಟ್ಟೋ ವಾಚು, ಟಿವಿ ಆಂಟೆನಾ ಎಳೆಯೋದು, ಬಸ್ಸಿನ ಹಾರನ್ನಿನಷ್ಟು ಜೋರಾಗಿ ಹಾಡೋದು. ಬಿಚ್ಚಿದ್ರೆ ಒಳಗೆ ಕೂತವ ಇವನ ಅಣ್ಣನೇ. ಒಂದರ ರಿಪೇರಿ ಕಲಿತ್ರೆ ಎಲ್ಲದರ ರಿಪೇರಿ ಬಂದ ಹಾಗೆ. ನನ್ನ ಅಂಗಡಿ ನಿಂತದ್ದೇ ಅದರಿಂದ.

— ಅದು ಸುಮ್ಮನೆ ಆದದ್ದಲ್ಲ. ನೀವು ಎಂಟಿಕೆ ಅನ್ನೋ ಮೀಡಿಯಾಟೆಕ್ ತೈವಾನಿನ ಸಿಂಚು ಊರಿನ ಕಂಪನಿ. 1997ರಲ್ಲಿ ಶುರುವಾದಾಗ ಮಾಡ್ತಿದ್ದದ್ದು ಸಿಡಿ, ಡಿವಿಡಿ ಡ್ರೈವಿನ ಚಿಪ್ಪು. ಫೋನಿಗೆ ಇಳಿದಾಗ ಬರೀ ಚಿಪ್ ಮಾರಲಿಲ್ಲ. ಬೋರ್ಡ್ ಹೇಗೆ ಹಾಕಬೇಕು ಅನ್ನೋ ಡ್ರಾಯಿಂಗ್, ಒಳಗಿನ ಸಾಫ್ಟ್‌ವೇರ್, ಮೆನು, ಎಫ್ಎಂ, ಎಂಪಿ3, ಎಲ್ಲಾ ಸೇರಿಸಿ ಕೊಟ್ಟರು. ಕೊಂಡವನಿಗೆ ಉಳಿದದ್ದು ಪ್ಲಾಸ್ಟಿಕ್ ಬಾಡಿ ಮಾತ್ರ. 2007ರಲ್ಲಿ ಚೀನಾ ಸರ್ಕಾರ ಹ್ಯಾಂಡ್‌ಸೆಟ್ ಮಾಡೋಕೆ ಬೇಕಿದ್ದ ಲೈಸೆನ್ಸನ್ನೇ ತೆಗೆದುಹಾಕ್ತು. ಆಮೇಲೆ ಶೆನ್‌ಜೆನ್‌ನ ಪುಟ್ಟ ಪುಟ್ಟ ವರ್ಕ್‌ಶಾಪುಗಳೂ ಫೋನ್ ಕಂಪನಿಗಳೇ.

— ಕಳ್ಳಮಾಲು ಅಂತ ಪೇಪರಿನವರು ಬರೀತಿದ್ರು.

— ಕಳ್ಳಮಾಲೂ ಇತ್ತು, ಇಲ್ಲ ಅನ್ನೋದಿಲ್ಲ. ಆದ್ರೆ ಆಂಡ್ರ್ಯೂ ಹುವಾಂಗ್ ಅಂತ ಒಬ್ಬ ಅಮೆರಿಕನ್ ಎಂಜಿನಿಯರ್ ಇದನ್ನ ಬೇರೆ ಥರ ನೋಡಿದ್ರು. 2013ರಲ್ಲಿ ಶೆನ್‌ಜೆನ್ ಮಾರ್ಕೆಟ್ಟಲ್ಲಿ 12 ಡಾಲರ್ ಕೊಟ್ಟು ಒಂದು ಫೋನ್ ತಗೊಂಡು ಬಿಚ್ಚಿದ್ರು. ಅದರಲ್ಲೂ ಹೀಗೇ: ಸ್ಕ್ರೂ ಇಲ್ಲ, ಕನೆಕ್ಟರ್ ಇಲ್ಲ, ಇದೇ ಕುಟುಂಬದ ಚಿಪ್ಪು, 260 ಮೆಗಾಹರ್ಟ್ಸ್, 8 ಎಂಬಿ ಮೆಮೊರಿ. ನಾವು ಕಾಲೇಜಲ್ಲಿ ಪ್ರಾಜೆಕ್ಟಿಗೆ ಬಳಸೋ ಆರ್ಡುಯಿನೋ ಊನೋ ಬೋರ್ಡಿಗೆ ಆಗ 29 ಡಾಲರ್. ಅದರ ವೇಗ 16 ಮೆಗಾಹರ್ಟ್ಸ್, ಮೆಮೊರಿ 2 ಕೆಬಿ. ಡಿಸ್‌ಪ್ಲೇ, ಬ್ಯಾಟರಿ, ರೇಡಿಯೋ ಎಲ್ಲಾ ಇರೋ ಫೋನು ಅರ್ಧ ಬೆಲೆಗೂ ಕಡಿಮೆಗೆ ಸಿಗುವಾಗ ಬರೀ ಬೋರ್ಡಿಗೆ ಇಷ್ಟು ಯಾಕೆ ಅಂತ ಅವರು ಕೇಳಿದ ಪ್ರಶ್ನೆ.

— ಉತ್ತರ?

— ಅಲ್ಲಿಯವರು ಡ್ರಾಯಿಂಗನ್ನ ಬಚ್ಚಿಡೋದಿಲ್ಲ. ಒಬ್ಬ ಮಾಡಿದ ಬೋರ್ಡಿನ ಫೈಲು ಇನ್ನೊಬ್ಬನಿಗೆ, ಅವನು ತಿದ್ದಿದ್ದು ಮೂರನೆಯವನಿಗೆ. ಕಾಗದ ಪತ್ರ, ಅನುಮತಿ ಅಂತ ಯಾರೂ ಕಾಯೋದಿಲ್ಲ. ಚಿಪ್ ಮಾರೋನು ಫೈಲನ್ನೂ ಹಂಚ್ತಾನೆ, ಯಾಕಂದ್ರೆ ಫೈಲ್ ಹರಡಿದಷ್ಟೂ ಚಿಪ್ಪು, ಪಾರ್ಟ್ಸು ಖರ್ಚಾಗ್ತದೆ. ನನಗೆ ಈ ಚಿಪ್ಪಿನ ಪೂರ್ತಿ ಡೇಟಾಶೀಟ್ ಬೇಕು ಅಂದ್ರೆ ಕಾನೂನಿನ ದಾರೀಲಿ ಸಿಗೋದೇ ಇಲ್ಲ ಮಾವ. ಕಾಲೇಜಿನ ಹುಡುಗಿ ಅಂದ್ರೆ ಕಂಪನಿಯವರು ಮಾತೂ ಆಡೋದಿಲ್ಲ. ಹುವಾಂಗ್ ಮತ್ತೆ ಅವರ ಜೊತೆಗಾರ ಶಾನ್ ಕ್ರಾಸ್ 2014ರಲ್ಲಿ ಇದೇ ಸಾಲಿನ ಎಂಟಿ6260 ಚಿಪ್ಪನ್ನ ಕೆದಕಿ ಕೆದಕಿ, ತಮ್ಮದೇ ಸಾಫ್ಟ್‌ವೇರ್ ಓಡಿಸಿ ತೋರಿಸಬೇಕಾಯ್ತು. ಅಷ್ಟು ಕಷ್ಟ. ಈ ಡೇಟಾಶೀಟನ್ನ ನಮ್ಮೂರಿನ ಹುಡುಗರ ಕೈಗೆ ಕೊಟ್ಟಿದ್ರೆ ಎಂತೆಂಥದೋ ಮಾಡ್ತಿದ್ರು.

— ಭಾಷಣ ಆಮೇಲೆ. ಕೊನೆಗೌಡನ ಕಾಯಿಲೆ ಹೇಳು.

— ಬ್ಯಾಟರಿ ತೋರಿಸಿ. 450 ಎಂಎಎಚ್ ಅಂತ ಬರೆದಿದೆ!

— ಬರೆಯೋಕೆ ಎಂತ ಖರ್ಚು?

— ಅಳತೆ ಮಾಡೋಣ. ಉದ್ದ 30, ಅಗಲ 15, ದಪ್ಪ 4 ಮಿಲಿಮೀಟರ್. ಅಂದ್ರೆ 1.8 ಘನ ಸೆಂಟಿಮೀಟರ್. ನಿಮ್ಮ ಡ್ರಾಯರಲ್ಲಿ ಹಳೇ ನೋಕಿಯಾ ಬ್ಯಾಟರಿ ಇರಬೇಕಲ್ಲ?

— ಬಿಎಲ್-5ಸಿ ಇಲ್ಲದ ರಿಪೇರಿ ಅಂಗಡಿ ಉಂಟಾ? ತಗೋ. ಇದು ಒರಿಜಿನಲ್, 1020 ಅಂತ ಬರೆದಿದೆ. ಜಾತ್ರೇಲಿ ಇದೇ ಸೈಜಿನದಕ್ಕೆ 3000 ಅಂತ ಬರೆದೂ ಮಾರ್ತಾರೆ.

— ಇದು ಸುಮಾರು 53, 34, 5.6. ಗುಣಿಸಿದ್ರೆ ಹತ್ತು ಘನ ಸೆಂಟಿಮೀಟರ್. ನಿಯತ್ತಿನ ಬ್ಯಾಟರಿ ಅಂದ್ರೆ ಘನ ಸೆಂಟಿಮೀಟರಿಗೆ ನೂರು ಎಂಎಎಚ್. ಹಾಗಾದ್ರೆ ನಮ್ಮ ಪುಟಾಣಿಯದು 180. ಕೈ ಬಿಚ್ಚಿ ಹೇಳಿದ್ರೂ 200. ಉಳಿದ 250 ಬರೀ ಶಾಯಿ.

— ಅದು ಮೋಸ, ಒಪ್ಪಿದೆ. ಆದ್ರೆ 180 ಇದ್ದರೂ ನಾಲ್ಕು ಮಾತು ಆಡೋಕೆ ಸಾಕಲ್ಲ? ಬೇಗ ಖಾಲಿ ಆಗಬೇಕು, ಫಕ್ಕನೆ ಆಫ್ ಆಗಬಾರದು.

— ಅಲ್ಲೇ ಇರೋದು. ಟೂಜಿ ಫೋನು ಮಾತಾಡುವಾಗ ಒಂದೇ ಸಮನೆ ಸಿಗ್ನಲ್ ಕಳಿಸೋದಿಲ್ಲ. ಒಂದು ಚಾನೆಲ್ಲನ್ನ ಎಂಟು ಜನರಿಗೆ ಪಾಳಿ ಹಾಕಿ ಕೊಟ್ಟಿರ್ತಾರೆ. ಪ್ರತಿ 4.6 ಮಿಲಿಸೆಕೆಂಡಿಗೆ ಒಮ್ಮೆ ನಮ್ಮ ಪಾಳಿ, ಅದೂ ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು. ಸೆಕೆಂಡಿಗೆ 217 ಸಲ ಹೀಗೆ. ರೇಡಿಯೋ ಪಕ್ಕ ಫೋನ್ ಇಟ್ಟಾಗ ಟರ್‌ರ್, ಟರ್‌ರ್ ಅಂತ ಬರ್ತದಲ್ಲ, ಅದು ಇದೇ.

— ಟಿವಿ ಮೇಲೆ ಇಟ್ಟರೂ ಬರ್ತಿತ್ತು. ಕಾಲ್ ಬರೋ ಮೊದಲೇ ಟಿವಿ ಹೇಳ್ತಿತ್ತು.

— ಹೂಂ, ಅದೇ. ಆ ಒಂದು ಕ್ಷಣಕ್ಕೆ ಟವರ್ ದೂರ ಇದ್ರೆ ಫೋನು 2 ವ್ಯಾಟ್ ತನಕ ಕಳಿಸಬೇಕು. ಹತ್ತಿರ ಇದ್ರೆ ಟವರೇ ಹೇಳ್ತದೆ, ಮೆಲ್ಲಗೆ ಮಾತಾಡು ಅಂತ. ಆಗ 3 ಮಿಲಿವ್ಯಾಟಿಗೂ ಇಳಿಯಬಹುದು. ಆರುನೂರು ಪಟ್ಟಿಗೂ ಮೇಲೆ ವ್ಯತ್ಯಾಸ. ನಮ್ಮ ಅಂಗಡಿಗೆ ಟವರ್ ಎದುರಿಗೇ ಇದೆ, ಅದಕ್ಕೆ ಇಲ್ಲಿ ತೊಂದರೆ ಇಲ್ಲ. ತೋಟದ ಕಣಿವೇಲಿ ಪೂರ್ತಿ ಪವರ್. ಆ ಹೊತ್ತಿಗೆ ಬ್ಯಾಟರಿಯಿಂದ ಸುಮಾರು ಎರಡು ಆಂಪಿಯರ್ ಎಳೀತದೆ. ಈ ಬ್ಯಾಟರಿ, ಇದರ ಕೂದಲಿನಷ್ಟು ಸಪೂರ ವಯರು, ಪ್ರೊಟೆಕ್ಷನ್ ಸರ್ಕ್ಯೂಟು ಎಲ್ಲಾ ಸೇರಿ ಕಾಲು ಓಮ್ ರೆಸಿಸ್ಟೆನ್ಸ್ ಇದ್ರೂ ಅರ್ಧ ವೋಲ್ಟ್ ಅಲ್ಲೇ ಕಳೆದುಹೋಗ್ತದೆ. ಬ್ಯಾಟರಿ 3.7ಕ್ಕೆ ಇಳಿದಿದ್ರೆ ಚಿಪ್ಪಿಗೆ ಸಿಗೋದು 3.2. ವೋಲ್ಟೇಜ್ ಸಾಲೋದಿಲ್ಲ ಅಂತ ಅದು ಸೆಟ್ಟನ್ನ ಮಲಗಿಸ್ತದೆ.

— ಮೀಟರ್ ಯಾಕೆ ಹೇಳಲಿಲ್ಲ?

— ಅದು ಸರಾಸರಿ ತೋರಿಸ್ತದೆ ಮಾವ. ಅರ್ಧ ಮಿಲಿಸೆಕೆಂಡಿನ ಕುಸಿತ ಅದಕ್ಕೆ ಕಾಣೋದಿಲ್ಲ. ಆಸಿಲೋಸ್ಕೋಪ್ ಬೇಕು.

— ಅದಿಲ್ಲದೆ ನಾನು ಇಷ್ಟು ವರ್ಷ ಅಂಗಡಿ ನಡೆಸಿದ್ದೇನೆ. ಆ ಸ್ಟೀಲ್ ತಿಂಡಿ ಡಬ್ಬಿ ಕೊಡು.

— ಯಾಕೆ?

— ತೋಟ ಇಲ್ಲಿಗೇ ತರಿಸ್ತೇನೆ. ಈ ಫೋನಿಂದ ನಿನ್ನ ನಂಬರಿಗೆ ಕಾಲ್ ಮಾಡಿ, ನೀನು ಎತ್ತಿದ ಮೇಲೆ ಡಬ್ಬಿಯೊಳಗೆ ಇಡೋದು. ಮುಚ್ಚಳ ಒಂದು ಬೆರಳು ತೆರೆದಿಡೋದು, ಪೂರ್ತಿ ಮುಚ್ಚಿದ್ರೆ ಕಾಲೇ ಕಟ್ ಆಗ್ತದೆ. ಸಿಗ್ನಲ್ ಕಡಿಮೆ ಆದ ಕೂಡ್ಲೇ ಫೋನು ಕಿರುಚೋಕೆ ಶುರು ಮಾಡಬೇಕು, ನೀನು ಹೇಳಿದ್ದು ಹೌದಾದ್ರೆ.

— ಮಾಡಿ... ಮುಚ್ಚಳ ಇನ್ನೂ ಸ್ವಲ್ಪ ಎಳೀರಿ... ಆಫ್ ಆಯ್ತು ಮಾವ! ನನ್ನ ಕಡೆ ಕಾಲ್ ಕಟ್. ತೆಗೆದು ನೋಡಿ, ಸೆಟ್ಟು ಸತ್ತಿದೆಯಾ?

— ಡೆಡ್. ಕೊನೆಗೌಡ ಸುಳ್ಳು ಹೇಳಲಿಲ್ಲ. ಈಗ ಇದರ ಬ್ಯಾಟರಿ ಬಿಡಿಸಿ, ಆ ಜಾಗಕ್ಕೆ ಎರಡು ದಪ್ಪ ವಯರಿನಲ್ಲಿ ಬಿಎಲ್-5ಸಿ ಕಟ್ಟಿದೆ. ಎರಡನ್ನೂ ಡಬ್ಬಿಗೆ ಹಾಕು. ಕಾಲ್ ಮಾಡು.

— ಮುಚ್ಚಳ ಅಷ್ಟೇ ಎಳೆದಿದ್ದೇನೆ. ನಿಮ್ಮ ಗೋಡೆ ಗಡಿಯಾರದ ಸದ್ದು ಕೇಳ್ತಿದೆ, ತುಂಡು ತುಂಡಾಗಿ. ಇನ್ನೂ ಇದೆ. ಆಫ್ ಆಗಲಿಲ್ಲ.

— ಹಾಗಾದ್ರೆ ನಿನ್ನ ಓದು ದಂಡ ಅಲ್ಲ ಅಂತಾಯ್ತು. ಈಗ ಇದಕ್ಕೆ ಒಂದು ಒಳ್ಳೇ ಬ್ಯಾಟರಿ ಹಾಕಿ ಕೊಟ್ಟರೆ ಮುಗೀತು.

— ಅಷ್ಟೇ ಅಲ್ಲ. ಮಾತು ತುಂಡು ತುಂಡಾಗಿ ಬಂತು ಅಂದೆನಲ್ಲ? ದೊಡ್ಡ ಬ್ಯಾಟರಿ ಇದ್ದರೂ ಇದರ ಸಿಗ್ನಲ್ ಬಡಕಲೇ. ಆಂಟೆನಾ ಎಲ್ಲಿದೆ ನೋಡಿ.

— ಈ ಮೂಲೇಲಿ ಒಂದು ತಗಡಿನ ಚೂರು.

— ಅದು ಅರ್ಧ ಆಂಟೆನಾ ಮಾತ್ರ. ಇನ್ನರ್ಧ ಬೋರ್ಡು. ಬೋರ್ಡಿನೊಳಗಿನ ತಾಮ್ರದ ಹಾಳೆ ಇದೆಯಲ್ಲ, ಅದೂ ಸೇರಿಯೇ ಅಲೆಯನ್ನ ಹೊರಗೆ ಬಿಡೋದು. ಹಳ್ಳಿ ಕಡೆ ಟೂಜಿ ಹೆಚ್ಚಾಗಿ 900 ಮೆಗಾಹರ್ಟ್ಸಿನಲ್ಲಿ. ಆ ಅಲೆಯ ಉದ್ದ 33 ಸೆಂಟಿಮೀಟರ್, ಒಂದೂವರೆ ಗೇಣು. ಅದಕ್ಕೆ ಬೋರ್ಡು ಹನ್ನೆರಡು ಹದಿಮೂರು ಸೆಂಟಿಮೀಟರ್ ಇದ್ರೆ ಆರಾಮ. ಇದು ಏಳೂ ಇಲ್ಲ. ಅದರ ಮೇಲೆ ಇಡೀ ಫೋನನ್ನ ಮುಷ್ಟಿಯೊಳಗೆ ಹಿಡೀತಾರೆ. ಬೆವರಿದ ಅಂಗೈ ಉಳಿದದ್ದನ್ನ ನುಂಗ್ತದೆ. ಆಂಪ್ಲಿಫೈಯರು ಎರಡು ವ್ಯಾಟ್ ಕೊಟ್ಟರೂ ಹೊರಗೆ ಹೋಗೋದು ಅದರಲ್ಲಿ ಪುಡಿಯಷ್ಟು. ಟವರಿಗೆ ಸರಿಯಾಗಿ ಕೇಳೋದಿಲ್ಲ, ಇನ್ನೂ ಜೋರಾಗಿ ಮಾತಾಡು ಅಂತದೆ. ಇವನು ಮೊದಲೇ ಪೂರ್ತಿ ಗಂಟಲಲ್ಲಿ ಕೂಗ್ತಿದ್ದಾನೆ.

— ನೋಕಿಯಾ 1100 ನೆನಪಾಯ್ತು. 2003ರ ಮಾಡೆಲ್. ಟಾರ್ಚ್ ಇತ್ತು, ಕೀಪ್ಯಾಡಿಗೆ ಧೂಳು ಹೋಗ್ತಿರಲಿಲ್ಲ. ಜಗತ್ತಲ್ಲಿ 25 ಕೋಟಿಗೂ ಹೆಚ್ಚು ಸೆಟ್ ಮಾರಿದ್ರಂತೆ. ಅದು ಹತ್ತೂವರೆ ಸೆಂಟಿಮೀಟರ್ ಉದ್ದ ಇತ್ತಲ್ಲ, ಅದಕ್ಕೇ ತೋಟದಲ್ಲೂ ನಡೀತಿತ್ತೋ ಏನೋ.

— ಅದೂ ಒಂದು ಕಾರಣ. ನಿಮಗೆ ಇನ್ನೊಂದು ಸಾಕ್ಷಿ ಬೇಕಾದ್ರೆ ನೀವೇ ರಿಪೇರಿ ಮಾಡೋ ಪಂಪಿನ ಮೊಬೈಲ್ ಸ್ಟಾರ್ಟರ್ ನೋಡಿ. ಅದರೊಳಗೆ ಸಿಮ್800 ಮಾಡ್ಯೂಲ್ ಇದ್ದದ್ದನ್ನ ನಾನೇ ನೋಡಿದ್ದೇನೆ. ಅದರ ಹೊಟ್ಟೆಯಲ್ಲಿರೋದೂ ಮೀಡಿಯಾಟೆಕ್‌ನ ಇದೇ ಕುಟುಂಬದ ಚಿಪ್ಪು.

— ಹೌದಾ! ಕೊನೆಗೌಡ ಹೋಗೋ ತೋಟದ ಪಂಪ್‌ಮನೇಲೇ ಒಂದು ಇದೆ. ಮನೆಯಿಂದ ಫೋನ್ ಮಾಡಿದ್ರೆ ಬೋರ್‌ವೆಲ್ ಸ್ಟಾರ್ಟ್. ಅದು ನೆಟ್‌ವರ್ಕ್ ಇಲ್ಲ ಅಂತ ಒಂದು ದಿನ ಬಂದದ್ದಿಲ್ಲ. ಬಂದ್ರೆ ಸಿಡಿಲು ಹೊಡೆದೇ ಬರಬೇಕು.

— ಅದೇ ತೋಟ, ಅದೇ ಟವರು, ಅದೇ ಜಾತಿಯ ಚಿಪ್ಪು. ಸ್ಟಾರ್ಟರಿಗೆ ಗೋಡೆ ಮೇಲೆ ಉದ್ದದ ಆಂಟೆನಾ ಇದೆ, ಕರೆಂಟಿನ ಸಪ್ಲೈ ಇದೆ. ಆ ಮಾಡ್ಯೂಲಿನ ಡೇಟಾಶೀಟಲ್ಲೇ ಬರೆದಿದ್ದಾರೆ, ಎರಡು ಆಂಪಿಯರ್ ಕೊಡಬಲ್ಲ ಸಪ್ಲೈ ಇರಲಿ ಅಂತ.

— ಮತ್ತೆ ನಿನ್ನ ಶೆನ್‌ಜೆನ್ ಹುಡುಗರು ಅದನ್ನ ಓದಲಿಲ್ಲವಾ? ಆಗಿಂದ ಹೊಗಳಿದ್ದೇ ಹೊಗಳಿದ್ದು.

— ಓದಿದ್ದಾರೆ. ಓದಿಯೂ ಮಾಡಿದ್ದಾರೆ. ಇಂಥದ್ದನ್ನ ಮೊದಲು ಮಾರಿದ್ದು ದೊಡ್ಡ ಫೋನಿಗೆ ಬ್ಲೂಟೂತಲ್ಲಿ ಜೋಡಿಸಿಕೊಂಡು ಡಯಲ್ ಮಾಡೋಕೆ ಅಂತ. ಸಿಮ್ ಜಾಗ ಹೆಚ್ಚುವರಿ ಉಪಕಾರ. ಪೇಟೇಲಿ, ಟವರ್ ಕೆಳಗೆ ಇರುವವರಿಗೆ ಇದು ಸಾಕು. ಇಂಗ್ಲೆಂಡಿನಲ್ಲಂತೂ ಜೈಲಿನೊಳಗೆ ಕದ್ದು ಸಾಗಿಸ್ತಿದ್ದಾರೆ ಅಂತ 2017ರಲ್ಲಿ ಅಲ್ಲಿನ ಕಾನೂನು ಮಂತ್ರಿ ಡೇವಿಡ್ ಲಿಡಿಂಗ್ಟನ್ ಆನ್‌ಲೈನ್ ಅಂಗಡಿಗಳಿಗೆ ಇದನ್ನ ಮಾರಬೇಡಿ ಅಂತ ಹೇಳಬೇಕಾಯ್ತು.

— ಜೈಲಿನವರಿಗೆ ಬೇಕಾದ್ದು ನಮ್ಮ ಕೊನೆಗೌಡನ ಕುತ್ತಿಗೆಗೆ ಬಂತು. ಜಾತ್ರೆ ಅಂಗಡಿಯವನಿಗೆ ತೋಟ ಎಲ್ಲಿ ಗೊತ್ತು?

— ನಾನು ಹೊಗಳಿದ್ದು ಚಿಪ್ಪನ್ನ, ಆ ಚಿಪ್ಪು ಕೈಯಿಂದ ಕೈಗೆ ಹೋದ ರೀತೀನ. ಈ ಸೆಟ್ಟನ್ನಲ್ಲ. ಚಿಪ್ಪು, ಆಂಪ್ಲಿಫೈಯರು ಎರಡೂ ಮಾಡಬೇಕಾದ ಕೆಲಸ ಸರಿಯಾಗಿಯೇ ಮಾಡ್ತಿವೆ. ಕೆಟ್ಟದ್ದು ಪ್ಲಾಸ್ಟಿಕ್ ಅಳತೆ ನಿಗದಿ ಮಾಡಿದವನ ತಲೆ.

— ಸರಿ, ಅದು ಬಿಡು. ಸ್ಟಾರ್-ಹ್ಯಾಶ್-ಸೊನ್ನೆ-ಆರು-ಹ್ಯಾಶ್ ಒತ್ತು. ಐಎಂಇಐ ಬರಲಿ.

— ಹದಿನೈದು ಅಂಕಿ ಬಂತು. ನಿಲ್ಲಿ, ಕೊನೆಯ ಅಂಕಿ ಹಿಂದಿನ ಹದಿನಾಲ್ಕರ ತಾಳೆ ನೋಡೋದಕ್ಕೆ ಇರೋದು. ಒಂದು ಬಿಟ್ಟು ಒಂದನ್ನ ಎರಡರಿಂದ ಗುಣಿಸಿ, ಬಂದ ಅಂಕಿಗಳನ್ನೆಲ್ಲ ಕೂಡಿಸಿದ್ರೆ... ಮೊತ್ತ ಹತ್ತರಿಂದ ಭಾಗ ಆಗಬೇಕು. ಆಗೋದಿಲ್ಲ ಮಾವ. ಯಾರೋ ಬಾಯಿಗೆ ಬಂದ ನಂಬರ್ ತುಂಬಿದ್ದಾರೆ. ಸುಳ್ಳು ನಂಬರನ್ನೂ ಲೆಕ್ಕ ಹಾಕಿ ಬರೆಯೋ ತಾಳ್ಮೆ ಇರಲಿಲ್ಲ.

— 2009ರಲ್ಲಿ ಈ ನಂಬರಿಗೇ ಊರೆಲ್ಲ ಗಲಾಟೆ. ಮುಂಬೈ ದಾಳಿ ಆದ ಮೇಲೆ ಸರ್ಕಾರ ಬಿಗಿ ಮಾಡ್ತು. ನವೆಂಬರ್ 30ರ ರಾತ್ರಿ ಕಳೆದ್ರೆ ಐಎಂಇಐ ಇಲ್ಲದ ಸೆಟ್ಟುಗಳು ಬಂದ್ ಅಂತ. ಅಧಿಕೃತವಾಗಿ ನಂಬರ್ ಹಾಕಿಸಿಕೊಳ್ಳೋಕೆ 199 ರೂಪಾಯಿ. ಈಗ ನಂಬರ್ ತಿದ್ದಿದ್ರೆ ಮೂರು ವರ್ಷದ ತನಕ ಜೈಲು. ನಾನಂತೂ ಅಂಥ ಸೆಟ್ ಮುಟ್ಟೋದಿಲ್ಲ. ಕೊನೆಗೌಡನಿಗೆ ಇದು ಗೊತ್ತೇ ಇರಲಿಕ್ಕಿಲ್ಲ.

— ಇನ್ನೊಂದು ನೋಡೋಣ. ನಾನು ಇದಕ್ಕೊಂದು ಕನ್ನಡ ಮೆಸೇಜ್ ಕಳಿಸ್ತೇನೆ. "ನಾಳೆ ಕೊಯ್ಲಿಗೆ ಬನ್ನಿ" ಅಂತ.

— ಬಂತು. ಚೌಕ, ಚೌಕ, ಚೌಕ. ಎಲ್ಲಾ ಖಾಲಿ ಪೆಟ್ಟಿಗೆ.

— ಫಾಂಟೇ ಹಾಕಿಲ್ಲ. ನಮ್ಮ ದೇಶದಲ್ಲಿ ಮಾರೋ ಫೋನು ಭಾರತದ ಭಾಷೆಗಳ ಮೆಸೇಜನ್ನ ಕನಿಷ್ಠ ಓದೋಕಾದ್ರೂ ಕೊಡಬೇಕು ಅಂತ ಐಎಸ್ 16333 ಮಾನಕದ ಮೂರನೇ ಭಾಗ ಹೇಳ್ತದೆ. ಈ ಡಿಸ್‌ಪ್ಲೇಲಿ ಅಡ್ಡಕ್ಕೆ 64, ಉದ್ದಕ್ಕೆ 48 ಚುಕ್ಕಿ. ಒತ್ತಕ್ಷರ ಸಹಿತ ಕನ್ನಡ ಬರೆದ್ರೆ ಎರಡು ಸಾಲು ಹಿಡಿಸ್ತಿತ್ತು. ಮನಸ್ಸು ಮಾಡಿದ್ರೆ ಆಗದ ಕೆಲಸ ಅಲ್ಲ.

— ಕನ್ನಡ ಮೆಸೇಜಿಗೆ ದುಡ್ಡು ಜಾಸ್ತಿ ಹೋಗ್ತದೆ ಅಂತ ಸೊಸೈಟಿ ಸೆಕ್ರೆಟರಿ ಗೊಣಗ್ತಿದ್ರು, ಅದು ನಿಜವಾ?

— ನಿಜ. ಒಂದು ಎಸ್ಎಂಎಸ್ ಅಂದ್ರೆ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕು, 160 ಅಕ್ಷರ ಹೋಗ್ತದೆ. ಕನ್ನಡಕ್ಕೆ ಹದಿನಾರು ಬಿಟ್, ಹಾಗಾಗಿ 70. ಅದರಲ್ಲೂ "ಕ್ಷ" ಅಂದ್ರೆ ಮೂರು ಸ್ಥಾನ: ಕ, ವಿರಾಮದ ಗುರುತು, ಷ. ಸೊಸೈಟಿಯ ನೋಟೀಸು ಎರಡು ಮೂರು ಮೆಸೇಜಾಗಿ ಒಡೆಯೋದು ಅದಕ್ಕೇ. ಅದು ಈ ಫೋನಿನ ತಪ್ಪಲ್ಲ.

— ಹಾಗಾದ್ರೆ ಕೊನೆಗೌಡನಿಗೆ ಎಂತ ಹೇಳೋದು? ಸಂಜೆ ಬರ್ತಾನೆ. ಬಿಎಲ್-5ಸಿ ಕಟ್ಟಿ ಕೊಟ್ಟರೆ ಫೋನಿಗಿಂತ ಬ್ಯಾಟರಿ ದೊಡ್ಡ. ದೊಡ್ಡ ಕೆಪಾಸಿಟರ್ ಹಾಕಿದ್ರೆ ಆ ಕುಸಿತ ತಡೀಬಹುದಾ?

— 4700 ಮೈಕ್ರೋಫ್ಯಾರಡ್ ಆದ್ರೂ ಬೇಕು. ಅದು ಈ ಫೋನಿನಷ್ಟೇ ದಪ್ಪ. ಆಂಟೆನಾ ತೊಂದರೆ ಹಾಗೇ ಉಳೀತದೆ, ಐಎಂಇಐ ಸುಳ್ಳೇ ಇರ್ತದೆ. ಕೊಡಬೇಡಿ ಮಾವ.

— ಕೊಡೋದಿಲ್ಲ. ಬಿಚ್ಚಿದ್ದಕ್ಕೆ ಚಾರ್ಜೂ ತಗೊಳ್ಳೋದಿಲ್ಲ. ಉಬ್ಬೋ ಮೊದಲು ಈ ಬ್ಯಾಟರೀನ ಇ-ವೇಸ್ಟ್ ಡಬ್ಬಕ್ಕೆ ಹಾಕು. ಮನೆಗೆ ಕೊಟ್ಟರೆ ಗೊಬ್ಬರಗುಂಡಿಗೆ ಎಸೀತಾರೆ. ಬೋರ್ಡು ನೀನು ಇಟ್ಟುಕೋ, ಕಾಲೇಜಿಗೆ ಒಯ್ಯಿ. ಅವನಿಗೆ ಹೇಳಬೇಕಾದ್ದು ಇಷ್ಟೇ: ಅಂಗೈಗಿಂತ ಉದ್ದದ ಕೀಪ್ಯಾಡ್ ಸೆಟ್ ತಗೋ, ದಾರ ಅದಕ್ಕೂ ಕಟ್ಟಬಹುದು. ಬ್ಯಾಟರಿ ತೆಗೆದು ಹಾಕೋ ಹಾಗಿರಲಿ. ದುಡ್ಡು ಕೊಡೋ ಮೊದಲು ಕೆವೈಎಂ ಅಂತ ಇಂಗ್ಲಿಷಲ್ಲಿ ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಮಾಡು, ಅಸಲಿ ಹೌದೋ ಅಲ್ಲವೋ ಉತ್ತರ ಬರ್ತದೆ. ಮತ್ತೆ ಕಾಲ್ ಮಾಡಿ ನೋಡೋದಾದ್ರೆ ಅಂಗಡಿ ಎದುರಲ್ಲಿ ಅಲ್ಲ, ತೋಟದ ಕೆಳಗಿನ ತುದೀಲಿ ನಿಂತು ಮಾಡು.